ನಿಮ್ಮ ಪ್ರಶ್ನೆ, ನಮ್ಮ ಉತ್ತರ: ಮಾದರಿ ವಿಶ್ವಸಂಸ್ಥೆಗೆ ಹೊರಟವರಿಗೆ

ಈ ಸಲ ಉತ್ತರ ಕನ್ನಡದ ಕರಾವಳಿಯಿಂದಲೂ ಘಟ್ಟದ ಮೇಲಿನ ತಾಲೂಕುಗಳಿಂದಲೂ ಬಂದಿರುವ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯವನ್ನು ಕುರಿತವು. ವಿದ್ಯಾರ್ಥಿಗಳು ‘ಎಂಯುಎನ್’ ಎಂದು ಕರೆಯುವ ಮಾದರಿ ವಿಶ್ವಸಂಸ್ಥೆ ಸಮ್ಮೇಳನದಲ್ಲಿ ಪ್ರತಿಯೊಬ್ಬರಿಗೂ ಒಂದೊಂದು ದೇಶವನ್ನು ಹಂಚಲಾಗುತ್ತದೆ. ಆ ದೇಶದ ಪ್ರತಿನಿಧಿಯಾಗಿ ಸಮಿತಿಯಲ್ಲಿ ಮಾತನಾಡಬೇಕು, ಉಳಿದ ದೇಶಗಳೊಂದಿಗೆ ಸಂಧಾನ ನಡೆಸಬೇಕು, ಕೊನೆಗೆ ಒಂದು ನಿರ್ಣಯವನ್ನು ಬರೆದು ಮತಕ್ಕೆ ಹಾಕಬೇಕು. ಇದಕ್ಕೆ ಹೇಗೆ ಸಿದ್ಧರಾಗಬೇಕೆಂದು ಕೇಳಿರುವ ಐದು ಪತ್ರಗಳನ್ನು ಇಲ್ಲಿ ಆಯ್ದುಕೊಂಡಿದ್ದೇವೆ.

ಪ್ರಶ್ನೆ: ನನಗೆ ನೌರು ಎಂಬ ದೇಶ ಸಿಕ್ಕಿದೆ. ವಿಷಯ ಆಳ ಸಮುದ್ರದ ಗಣಿಗಾರಿಕೆ. ನೌರು ಅದರ ಪರವಾಗಿದೆ ಎಂದು ಓದಿದೆ. ನಮ್ಮದು ಮೀನುಗಾರರ ಮನೆ. ಕಡಲ ತಳವನ್ನು ಅಗೆಯುವುದನ್ನು ನಾನು ಒಪ್ಪುವುದಿಲ್ಲ. ಒಪ್ಪದ ಮಾತನ್ನು ವಾದಿಸುವುದು ಹೇಗೆ? ಬೇರೆ ದೇಶ ಕೊಡಿ ಎಂದು ಸಂಘಟಕರನ್ನು ಕೇಳಬಹುದೇ?
— ಪಿಯು ವಿದ್ಯಾರ್ಥಿನಿ, ಕಾರವಾರ ತಾಲೂಕು

ಉತ್ತರ: ಕೇಳಬಹುದು, ಆದರೆ ಕೇಳಬೇಡಿ. ನಿಮಗೆ ಸಿಕ್ಕಿರುವುದು ಇಡೀ ಸಮಿತಿಯಲ್ಲೇ ಅತ್ಯಂತ ಅರ್ಥಪೂರ್ಣವಾದ ಜಾಗಗಳಲ್ಲಿ ಒಂದು. ನಮ್ಮ ಜಿಲ್ಲೆಯ ತಾಳಮದ್ದಳೆಯಲ್ಲಿ ‘ಕೃಷ್ಣಸಂಧಾನ’ ಪ್ರಸಂಗವನ್ನು ನೀವು ಒಮ್ಮೆಯಾದರೂ ಕೇಳಿರುತ್ತೀರಿ. ಕೌರವನ ಅರ್ಥ ಹೇಳುವ ಕಲಾವಿದರು ಕೌರವನನ್ನು ಒಪ್ಪಿಕೊಂಡು ಕುಳಿತವರಲ್ಲ. ಆದರೂ ಸಂಧಾನಕ್ಕೆ ಬಂದ ಕೃಷ್ಣನಿಗೆ ಐದು ಊರನ್ನೂ ಕೊಡಲಾರೆನೆಂದು ಹೇಳುವಾಗ, ಆ ನಿರಾಕರಣೆಯ ಹಿಂದಿರುವ ಹಕ್ಕು, ಅವಮಾನ, ಭಯ ಎಲ್ಲವನ್ನೂ ಸಭೆಯ ಮುಂದೆ ಇಡುತ್ತಾರೆ. ಕೌರವನ ಅರ್ಥ ದುರ್ಬಲವಾದರೆ ಕೃಷ್ಣನ ಅರ್ಥವೂ ಏರುವುದಿಲ್ಲ ಎಂಬುದು ಕೂಟಕ್ಕೆ ಹೋಗುವವರಿಗೆಲ್ಲ ತಿಳಿದ ಸಂಗತಿ. ನಿಮ್ಮ ಸಮಿತಿಯಲ್ಲಿ ನೌರುವಿನ ಮಾತು ಗಟ್ಟಿಯಾಗಿರದಿದ್ದರೆ ಗಣಿಗಾರಿಕೆಯ ವಿರೋಧಿಗಳ ಮಾತೂ ಪರೀಕ್ಷೆಗೆ ಒಳಗಾಗುವುದಿಲ್ಲ.

ಹಾಗಾಗಿ ಮೊದಲ ಕೆಲಸ, ನೌರು ಏಕೆ ಹಾಗೆ ಹೇಳುತ್ತದೆ ಎಂಬುದನ್ನು ಅದರ ಚರಿತ್ರೆಯಿಂದಲೇ ತಿಳಿಯುವುದು. ಶಾಂತಸಾಗರದ ಈ ದ್ವೀಪದ ವಿಸ್ತೀರ್ಣ ಕೇವಲ 21 ಚದರ ಕಿಲೋಮೀಟರ್, ಜನಸಂಖ್ಯೆ ಸುಮಾರು 12 ಸಾವಿರ. ಇಪ್ಪತ್ತನೆಯ ಶತಮಾನದುದ್ದಕ್ಕೂ ಅಲ್ಲಿನ ಫಾಸ್ಫೇಟನ್ನು ಅಗೆದು ಹೊರದೇಶಗಳ ಹೊಲಗಳಿಗೆ ಗೊಬ್ಬರವಾಗಿ ಸಾಗಿಸಲಾಯಿತು. ದ್ವೀಪದ ನಡುಭಾಗದಲ್ಲಿ ಸುಣ್ಣಕಲ್ಲಿನ ಮೊನೆಗಳಷ್ಟೇ ಉಳಿದು, ಬೇಸಾಯಕ್ಕೂ ವಾಸಕ್ಕೂ ಬಾರದ ನೆಲವಾಯಿತು. 1968ರಲ್ಲಿ ಸ್ವತಂತ್ರವಾದ ಈ ದೇಶ 1989ರಲ್ಲಿ ಆಸ್ಟ್ರೇಲಿಯಾದ ವಿರುದ್ಧ ಅಂತರರಾಷ್ಟ್ರೀಯ ನ್ಯಾಯಾಲಯಕ್ಕೆ ಹೋಗಿ, ಸ್ವಾತಂತ್ರ್ಯಕ್ಕೆ ಮೊದಲು ಹಾಳುಮಾಡಿದ ನೆಲವನ್ನು ಸರಿಪಡಿಸಿಕೊಡಬೇಕೆಂದು ಕೇಳಿತು. 1993ರಲ್ಲಿ ಆ ವ್ಯಾಜ್ಯ ರಾಜಿಯಲ್ಲಿ ಮುಗಿಯಿತು. ನೆಲದಲ್ಲಿ ಇನ್ನೇನೂ ಉಳಿಯದ, ಸಮುದ್ರಮಟ್ಟ ಏರುತ್ತಿರುವ ಕಾಲದಲ್ಲಿ ಬದುಕಬೇಕಾದ ಒಂದು ಪುಟ್ಟ ದೇಶ ಸಾಗರತಳದಲ್ಲಿ ಹರಡಿ ಬಿದ್ದಿರುವ, ಲೋಹ ತುಂಬಿದ ಕಲ್ಲಿನಂಥ ಗಂಟುಗಳ ಕಡೆಗೆ ನೋಡುವುದಕ್ಕೆ ಕಾರಣ ಇಲ್ಲಿದೆ. ಇದನ್ನು ಓದಿದ ಮೇಲೂ ನೀವು ಗಣಿಗಾರಿಕೆಯನ್ನು ಒಪ್ಪಬೇಕಾಗಿಲ್ಲ. ಆದರೆ ನೌರುವನ್ನು ದುರಾಸೆಯ ದೇಶವೆಂದು ತಳ್ಳಿಹಾಕಲು ನಿಮಗೆ ಸಾಧ್ಯವಾಗದು, ಮತ್ತು ಆ ಅಸಾಧ್ಯತೆಯೇ ನಿಮ್ಮ ಭಾಷಣಕ್ಕೆ ಬೇಕಾದ ಬಲ.

ಎರಡನೆಯದು ವಿಷಯದ ಕಾನೂನು. 1982ರ ಸಮುದ್ರ ಕಾನೂನು ಒಡಂಬಡಿಕೆಯ ಪ್ರಕಾರ ಕರಾವಳಿಯಿಂದ 12 ನಾಟಿಕಲ್ ಮೈಲಿಯವರೆಗೆ ದೇಶದ ಸ್ವಂತ ಜಲಪ್ರದೇಶ, 200 ನಾಟಿಕಲ್ ಮೈಲಿಯವರೆಗೆ ಅದರ ಆರ್ಥಿಕ ವಲಯ, ಅಂದರೆ ಅಲ್ಲಿನ ಸಂಪತ್ತನ್ನು ಬಳಸುವ ಹಕ್ಕು ಅದಕ್ಕೇ. ದೇಶಗಳ ವ್ಯಾಪ್ತಿಯ ಆಚೆಗಿನ ಸಾಗರತಳವೂ ಅದರ ಸಂಪತ್ತೂ ಮನುಕುಲದ ಸಮಾನ ಪರಂಪರೆ ಎಂದು ಒಡಂಬಡಿಕೆಯ 136ನೆಯ ವಿಧಿ ಹೇಳುತ್ತದೆ. ಈ ವಿಚಾರವನ್ನು 1967ರ ನವೆಂಬರ್ 1ರಂದು ವಿಶ್ವಸಂಸ್ಥೆಯ ಮುಂದೆ ಬಲವಾಗಿ ಮಂಡಿಸಿದವರು ಮಾಲ್ಟಾದ ರಾಯಭಾರಿ ಅರ್ವಿಡ್ ಪಾರ್ಡೊ. ಅದೂ ಒಂದು ಪುಟ್ಟ ದ್ವೀಪರಾಷ್ಟ್ರವೇ ಎಂಬುದನ್ನು ನೀವು ಸಭೆಗೆ ನೆನಪಿಸಬಹುದು. ಆ ಸಂಪತ್ತನ್ನು ನೋಡಿಕೊಳ್ಳುವುದಕ್ಕೆ ಜಮೈಕಾದ ಕಿಂಗ್‌ಸ್ಟನ್‌ನಲ್ಲಿ ಅಂತರರಾಷ್ಟ್ರೀಯ ಸಾಗರತಳ ಪ್ರಾಧಿಕಾರವಿದೆ. 2021ರಲ್ಲಿ ನೌರು ಒಂದು ವಿಶೇಷ ನಿಯಮವನ್ನು ಬಳಸಿ, ಎರಡು ವರ್ಷಗಳೊಳಗೆ ಗಣಿ ನಿಯಮಾವಳಿಯನ್ನು ಪೂರ್ಣಗೊಳಿಸಿ ಎಂದು ಪ್ರಾಧಿಕಾರಕ್ಕೆ ಗಡುವು ನೀಡಿತು. 2023ರಲ್ಲಿ ಗಡುವು ಮುಗಿದಾಗ ನಿಯಮಾವಳಿ ಸಿದ್ಧವಾಗಿರಲಿಲ್ಲ. ಅತ್ತ 2022ರಲ್ಲಿ ಲಿಸ್ಬನ್‌ನ ಸಾಗರ ಸಮ್ಮೇಳನದಲ್ಲಿ ಪಲಾವು ದೇಶವು ಗಣಿಗಾರಿಕೆಗೆ ತಡೆ ಹಾಕಬೇಕೆನ್ನುವ ದೇಶಗಳ ಕೂಟವನ್ನು ಆರಂಭಿಸಿತು; ಅಂತಹ ದೇಶಗಳ ಸಂಖ್ಯೆ ಈಗ ಮೂವತ್ತನ್ನು ಮೀರಿದೆ. ಪಲಾವು ಕೂಡ ಶಾಂತಸಾಗರದ ಪುಟ್ಟ ದ್ವೀಪರಾಷ್ಟ್ರ. ನಿಮ್ಮ ಸಮಿತಿಯ ನಿಜವಾದ ವಾದ ಅಮೆರಿಕ ಮತ್ತು ಚೀನಾಗಳ ನಡುವೆ ಇರುವುದಕ್ಕಿಂತ ಈ ಇಬ್ಬರು ನೆರೆಯವರ ನಡುವೆ ಇದೆ ಎಂದು ನನ್ನ ಅಭಿಪ್ರಾಯ.

ಭಾರತದ ಪ್ರತಿನಿಧಿಯನ್ನೂ ಮರೆಯಬೇಡಿ. 1981ರ ಜನವರಿ 26ರಂದು ಭಾರತದ ಸಂಶೋಧನಾ ಹಡಗು ‘ಗವೇಷಣಿ’ ಅರಬ್ಬೀ ಸಮುದ್ರದ ತಳದಿಂದ ದೇಶದ ಮೊದಲ ಲೋಹದ ಗಂಟುಗಳನ್ನು ಮೇಲೆತ್ತಿತು. ಕಾರವಾರಕ್ಕೆ ಹತ್ತಿರದಲ್ಲೇ ಇರುವ ಗೋವಾದ ರಾಷ್ಟ್ರೀಯ ಸಾಗರವಿಜ್ಞಾನ ಸಂಸ್ಥೆಯ ಕೆಲಸ ಅದು. ಮಧ್ಯ ಹಿಂದೂ ಮಹಾಸಾಗರದಲ್ಲಿ 75 ಸಾವಿರ ಚದರ ಕಿಲೋಮೀಟರ್ ಪ್ರದೇಶದಲ್ಲಿ ಅನ್ವೇಷಣೆ ನಡೆಸುವ ಹಕ್ಕು ಭಾರತಕ್ಕಿದೆ. ಅಂದರೆ ನಿಮ್ಮ ಸ್ವಂತ ದೇಶ ನಿಮ್ಮ ಎದುರಾಳಿಯಾಗಿರಲೇಬೇಕೆಂದಿಲ್ಲ.

ಇನ್ನು ನಿಮ್ಮ ಮನಸ್ಸಿನ ವಿರೋಧವನ್ನು ಹೇಗೆ ಬಳಸಬೇಕು ಎಂಬ ಮಾತು. ನಿಮಗೆ ಕಾಡುವ ಪ್ರಶ್ನೆಗಳನ್ನೆಲ್ಲ ಒಂದು ಹಾಳೆಯಲ್ಲಿ ಬರೆಯಿರಿ. ನಾಲ್ಕರಿಂದ ಆರು ಸಾವಿರ ಮೀಟರ್ ಆಳದಲ್ಲಿ ಯಂತ್ರ ಓಡಿದಾಗ ಎದ್ದ ಕೆಸರು ಎಲ್ಲಿಯವರೆಗೆ ಹರಡುತ್ತದೆ? ಒಂದು ಗಂಟು ಬೆಳೆಯುವುದಕ್ಕೆ ಲಕ್ಷಾಂತರ ವರ್ಷ ಬೇಕಾಗುವಾಗ ಅದಕ್ಕೆ ಅಂಟಿ ಬದುಕುವ ಜೀವಿಗಳ ಗತಿ ಏನು? ಲಾಭದಲ್ಲಿ ಕಂಪನಿಗೆ ಎಷ್ಟು, ದ್ವೀಪದ ಜನರಿಗೆ ಎಷ್ಟು? ಎದುರಿನವರು ನಿಮ್ಮನ್ನು ಕೇಳುವುದು ಇವನ್ನೇ. ಪ್ರತಿಯೊಂದಕ್ಕೂ ನೌರುವಿನ ಸ್ಥಾನದಲ್ಲಿ ನಿಂತು ಪ್ರಾಮಾಣಿಕವಾಗಿ ಏನು ಹೇಳಬಹುದೆಂದು ಹುಡುಕಿರಿ. ಸಮುದ್ರ ಪರಿಸರವನ್ನು ಕಾಪಾಡಬೇಕೆನ್ನುವ 145ನೆಯ ವಿಧಿಯನ್ನು ನೌರು ನಿರಾಕರಿಸಿಲ್ಲ. ನಿಯಮಗಳಿಲ್ಲದೆ ಕಾಯುತ್ತ ಕೂರುವುದಕ್ಕಿಂತ ಕಠಿಣ ನಿಯಮಗಳನ್ನು ಬೇಗ ಮಾಡಿ ಎಂಬುದು ಅದು ಹಿಡಿಯಬಹುದಾದ ದಾರಿ. ಕಡಲ ಮಗಳಾಗಿ ನಿಮಗೆ ಗೊತ್ತಿರುವ ಎಚ್ಚರಗಳನ್ನೆಲ್ಲ ಆ ನಿಯಮಗಳ ಒಳಗೆ ತರಬಹುದು.

ಪ್ರಶ್ನೆ: ನಾನು ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವನು. ಸಮ್ಮೇಳನದಲ್ಲಿ ಎಲ್ಲವೂ ಇಂಗ್ಲಿಷಿನಲ್ಲಿ ನಡೆಯುತ್ತದಂತೆ. ವಿಷಯ ಗೊತ್ತಿದ್ದರೂ ಎದ್ದು ನಿಂತಾಗ ಬಾಯಿ ಕಟ್ಟಿದಂತಾಗುತ್ತದೆ. ಹೋಗುವುದರಲ್ಲಿ ಅರ್ಥವಿದೆಯೇ?
— ಪದವಿ ವಿದ್ಯಾರ್ಥಿ, ಶಿರಸಿ

ಉತ್ತರ: ಖಂಡಿತವಾಗಿ ಇದೆ. ವಿಶ್ವಸಂಸ್ಥೆಗೆ ಅರೇಬಿಕ್, ಚೀನಿ, ಇಂಗ್ಲಿಷ್, ಫ್ರೆಂಚ್, ರಷ್ಯನ್, ಸ್ಪ್ಯಾನಿಷ್ ಎಂಬ ಆರು ಅಧಿಕೃತ ಭಾಷೆಗಳಿವೆ. 193 ಸದಸ್ಯ ದೇಶಗಳ ಪ್ರತಿನಿಧಿಗಳಲ್ಲಿ ಬಹುಮಂದಿಗೆ ಇಂಗ್ಲಿಷ್ ಮನೆಮಾತಲ್ಲ. ಭಾರತದ ವಿದೇಶಾಂಗ ಸಚಿವರಾಗಿದ್ದ ಅಟಲ್ ಬಿಹಾರಿ ವಾಜಪೇಯಿ ಅವರು 1977ರಲ್ಲಿ ಸಾಮಾನ್ಯ ಸಭೆಯಲ್ಲಿ ಹಿಂದಿಯಲ್ಲೇ ಮಾತನಾಡಿದರು. ಮಾದರಿ ಸಮ್ಮೇಳನದ ಸಮಿತಿಗಳಲ್ಲಿ ಉಚ್ಚಾರದ ಸೊಗಸಿಗೆ ಅಂಕ ಕೊಡುವ ಅಧ್ಯಕ್ಷರು ಕೆಲವೊಮ್ಮೆ ಸಿಗುತ್ತಾರೆ ಎಂಬುದು ನಿಜ. ಅದು ಆ ಅಧ್ಯಕ್ಷರ ಕೊರತೆಯೇ ಹೊರತು ನಿಮ್ಮದಲ್ಲ.

ಆದರೆ ಧೈರ್ಯದ ಮಾತಿನಿಂದ ಬಾಯಿ ಬಿಚ್ಚುವುದಿಲ್ಲ, ಅಭ್ಯಾಸ ಬೇಕು. ಆರಂಭದ ಭಾಷಣಕ್ಕೆ ಸಾಮಾನ್ಯವಾಗಿ ಸಿಗುವುದು ಒಂದೂವರೆ ನಿಮಿಷ. 1957ರ ಜನವರಿಯಲ್ಲಿ ಭಾರತದ ಪ್ರತಿನಿಧಿ ವಿ.ಕೆ. ಕೃಷ್ಣ ಮೆನನ್ ಅವರು ಕಾಶ್ಮೀರದ ಕುರಿತು ಭದ್ರತಾ ಮಂಡಳಿಯಲ್ಲಿ ಸುಮಾರು ಎಂಟು ಗಂಟೆ ಮಾತನಾಡಿದ್ದರು. ನಿಮ್ಮ ಅವಕಾಶ ಅದಕ್ಕೆ ತೀರ ಎದುರಾದದ್ದು. ಒಂದೂವರೆ ನಿಮಿಷದಲ್ಲಿ ನಿಧಾನವಾಗಿ ಹೇಳಿದರೆ 150ರಿಂದ 180 ಇಂಗ್ಲಿಷ್ ಪದಗಳು ಹಿಡಿಯುತ್ತವೆ, ಹೆಚ್ಚಿಲ್ಲ. ಮೊದಲು ಕನ್ನಡದಲ್ಲಿ ಯೋಚಿಸಿ, ಹೇಳಬೇಕಾದ ಮೂರೇ ಸಂಗತಿಗಳನ್ನು ಗೊತ್ತುಮಾಡಿಕೊಳ್ಳಿ: ನಮ್ಮ ದೇಶಕ್ಕೆ ಈ ವಿಷಯ ಏಕೆ ಮುಖ್ಯ, ನಾವು ಈವರೆಗೆ ಏನು ಮಾಡಿದ್ದೇವೆ, ಸಭೆಯಿಂದ ಏನನ್ನು ಬಯಸುತ್ತೇವೆ. ಆ ಮೂರನ್ನು ಚಿಕ್ಕ ಚಿಕ್ಕ ಇಂಗ್ಲಿಷ್ ವಾಕ್ಯಗಳಲ್ಲಿ ಹೊಸದಾಗಿ ಬರೆಯಿರಿ. ಕನ್ನಡ ವಾಕ್ಯವನ್ನು ಪದಕ್ಕೆ ಪದ ತಿರುಗಿಸಲು ಹೋದರೆ ನಾಲಿಗೆ ತೊಡರುತ್ತದೆ. ಗಡಿಯಾರ ಇಟ್ಟುಕೊಂಡು, ಮನೆಯಲ್ಲಿ ಯಾರಾದರೂ ಕೇಳುತ್ತಿರುವಾಗ, ನಿಂತು ಗಟ್ಟಿಯಾಗಿ ಹೇಳಿ. ಕಾಗದ ನೋಡಿ ಹೇಳುವುದು ಬಹುತೇಕ ಸಮ್ಮೇಳನಗಳಲ್ಲಿ ತಪ್ಪಲ್ಲ.

ಕಲಾಪದ ಭಾಷೆ ಬೇರೆಯೇ ಒಂದು ಸಣ್ಣ ಗಂಟು. ಮೋಶನ್ ಎಂಬ ಸೂಚನೆಯನ್ನು ಮಂಡಿಸುವುದು, ನಿಯಮ ತಪ್ಪಿದಾಗ ಪಾಯಿಂಟ್ ಆಫ್ ಆರ್ಡರ್ ಎಂಬ ಆಕ್ಷೇಪ ಎತ್ತುವುದು, ಉಳಿದ ಸಮಯವನ್ನು ಇನ್ನೊಬ್ಬರಿಗೆ ಬಿಟ್ಟುಕೊಡುವುದು, ‘ನಾನು’ ಎನ್ನುವ ಬದಲು ‘ಈ ದೇಶದ ಪ್ರತಿನಿಧಿ’ ಎನ್ನುವುದು, ಇವೆಲ್ಲ ಒಂದಿಪ್ಪತ್ತು ವಾಕ್ಯಗಳಲ್ಲಿ ಮುಗಿಯುತ್ತವೆ, ಬಾಯಿಪಾಠ ಮಾಡಿಬಿಡಿ. ಪ್ರತಿನಿಧಿಗಳು ಕುರ್ಚಿ ಬಿಟ್ಟೆದ್ದು ಗುಂಪುಗುಂಪಾಗಿ ನಿಂತು ಮಾತನಾಡುವ ಅನ್‌ಮಾಡರೇಟೆಡ್ ಕಾಕಸ್ ಬಂದಾಗ ನಿಮ್ಮ ಭಯ ಅರ್ಧ ಇಳಿದಿರುತ್ತದೆ. ನಿರ್ಣಯ ಹುಟ್ಟುವುದು ಅಲ್ಲಿಯೇ, ಮತ್ತು ಅಲ್ಲಿ ಬೇಕಾಗುವುದು ಎದುರಿನವನ ಮಾತನ್ನು ಪೂರ್ತಿ ಕೇಳಿ, ಅವನಿಗೂ ನಮಗೂ ಒಪ್ಪುವ ಒಂದು ಸಾಲನ್ನು ಕಂಡುಹಿಡಿಯುವ ಗುಣ. ಎದುರಿನವರಿಗೆ ಕನ್ನಡ ಬರುವುದಾದರೆ ಅಲ್ಲಿ ಕನ್ನಡದಲ್ಲೇ ಮಾತನಾಡಿ ಒಪ್ಪಂದಕ್ಕೆ ಬನ್ನಿ; ಬರಹಕ್ಕೆ ಮಾತ್ರ ಇಂಗ್ಲಿಷ್ ಸಾಕು.

ಪ್ರಶ್ನೆ: ನನ್ನ ತಂಗಿಗೆ 1950ರ ಭದ್ರತಾ ಮಂಡಳಿಯನ್ನು ಮರುಸೃಷ್ಟಿಸುವ ಸಮಿತಿಯಲ್ಲಿ ಸೋವಿಯತ್ ಒಕ್ಕೂಟ ಸಿಕ್ಕಿದೆ, ವಿಷಯ ಕೊರಿಯಾ ಯುದ್ಧ. ವಿಟೋ, ಅಂದರೆ ನಿರ್ಣಯವನ್ನು ಒಂದೇ ದೇಶ ತಡೆಯುವ ಅಧಿಕಾರ, ಇದ್ದಮೇಲೆ ಕೆಲಸ ಸುಲಭ ಎನ್ನುತ್ತಿದ್ದಾಳೆ. ಹೌದೇ?
— ಓದುಗರು, ಭಟ್ಕಳ

ಉತ್ತರ: ಚರಿತ್ರೆಯಲ್ಲಿ ಹಾಗಾಗಲಿಲ್ಲ. ಚೀನಾದ ಸ್ಥಾನವನ್ನು ಯಾವ ಸರ್ಕಾರಕ್ಕೆ ಕೊಡಬೇಕೆಂಬ ವಿವಾದದಲ್ಲಿ ಸೋವಿಯತ್ ಒಕ್ಕೂಟ 1950ರ ಜನವರಿಯಿಂದಲೇ ಮಂಡಳಿಯನ್ನು ಬಹಿಷ್ಕರಿಸಿತ್ತು. ಆದ್ದರಿಂದ ಉತ್ತರ ಕೊರಿಯಾ ತನ್ನ ಸೈನ್ಯವನ್ನು ಹಿಂತೆಗೆಯಬೇಕೆನ್ನುವ 82ನೆಯ ನಿರ್ಣಯವು ಜೂನ್ 25ರಂದೂ ದಕ್ಷಿಣ ಕೊರಿಯಾಕ್ಕೆ ನೆರವಾಗಿ ಎನ್ನುವ 83ನೆಯ ನಿರ್ಣಯವು 27ರಂದೂ ಅಂಗೀಕಾರವಾದಾಗ ವಿಟೋ ಹಾಕಲು ಅಲ್ಲಿ ಯಾರೂ ಇರಲಿಲ್ಲ. ಆ ತಿಂಗಳು ಮಂಡಳಿಯ ಅಧ್ಯಕ್ಷತೆ ಭಾರತದ್ದು. ಕುರ್ಚಿಯಲ್ಲಿದ್ದವರು ಮಂಗಳೂರಿನಲ್ಲಿ ಹುಟ್ಟಿದ, ನಮ್ಮ ಸಂವಿಧಾನದ ಕರಡಿನಲ್ಲಿ ಸಲಹೆಗಾರರಾಗಿದ್ದ ಬೆನಗಲ್ ನರಸಿಂಗ ರಾಯರು. ಭಾರತ ಮೊದಲ ನಿರ್ಣಯವನ್ನು ಬೆಂಬಲಿಸಿ, ಎರಡನೆಯದರ ಮತದಾನದಲ್ಲಿ ಭಾಗವಹಿಸದೆ, ಆಮೇಲೆ ಅದನ್ನು ಒಪ್ಪಿತು. ಸೋವಿಯತ್ ಪ್ರತಿನಿಧಿ ಯಾಕೋವ್ ಮಲಿಕ್ ಆಗಸ್ಟ್ 1ರಂದು ಮರಳಿ ಬಂದು ಅಧ್ಯಕ್ಷರ ಕುರ್ಚಿಯಲ್ಲೇ ಕುಳಿತರು. ಅಲ್ಲಿಂದ ಮುಂದೆ ಮಂಡಳಿ ಕದಲದಂತಾದಾಗ ಅಮೆರಿಕ ಸಾಮಾನ್ಯ ಸಭೆಯ ಕಡೆಗೆ ತಿರುಗಿ, ನವೆಂಬರ್ 3ರಂದು ಮಂಡಳಿ ಕೈಕಟ್ಟಿದಾಗ ಸಾಮಾನ್ಯ ಸಭೆಯೇ ಶಿಫಾರಸು ಮಾಡಬಹುದೆನ್ನುವ ‘ಶಾಂತಿಗಾಗಿ ಒಗ್ಗೂಡುವಿಕೆ’ ಎಂಬ 377ನೆಯ ನಿರ್ಣಯಕ್ಕೆ ಅಂಗೀಕಾರ ಪಡೆಯಿತು.

ನಿಮ್ಮ ತಂಗಿ ಸಂಘಟಕರನ್ನು ಈಗಲೇ ಕೇಳಬೇಕಾದ್ದು ಸಮಿತಿಯ ಕಾಲ ಯಾವ ದಿನಾಂಕದಿಂದ ಆರಂಭವಾಗುತ್ತದೆ ಎಂಬುದು. ಆ ದಿನದ ನಂತರ ನಡೆದದ್ದನ್ನು ಅವಳು ಉಲ್ಲೇಖಿಸುವಂತಿಲ್ಲ. ಅಂದಿನ ಮಂಡಳಿಯಲ್ಲಿ 11 ಸದಸ್ಯರಿದ್ದು, ನಿರ್ಣಯಕ್ಕೆ 7 ಮತ ಸಾಕಿತ್ತು. 15 ಸದಸ್ಯರು ಮತ್ತು 9 ಮತದ ಲೆಕ್ಕ ಬಂದದ್ದು 1965ರಲ್ಲಿ. ವಿಟೋ ಎತ್ತಿದ ಮೇಲೆ ಮಾತುಕತೆ ನಿಂತುಹೋಗುತ್ತದೆ, ಆದ್ದರಿಂದ ಅದನ್ನು ಹಾಕುವೆನೆಂಬ ಸೂಚನೆಯಲ್ಲಿಯೇ ಕರಡಿನ ಸಾಲುಗಳನ್ನು ಬದಲಿಸಿಕೊಳ್ಳುವುದನ್ನು ಅವಳು ಕಲಿಯಲಿ.

ಕರಡಿನ ಸಾಲುಗಳ ವಿಷಯ ಬಂದದ್ದರಿಂದ ಎಲ್ಲರಿಗೂ ಉಪಯೋಗವಾಗುವ ಒಂದು ಮಾತು. ‘ಸಮುದ್ರ ಪರಿಸರವನ್ನು ರಕ್ಷಿಸಲು ಎಲ್ಲ ದೇಶಗಳೂ ಸೂಕ್ತ ಕ್ರಮ ಕೈಗೊಳ್ಳಬೇಕು’ ಎಂಬ ಸಾಲಿಗೆ ಯಾರೂ ವಿರೋಧ ಹೇಳುವುದಿಲ್ಲ, ಏಕೆಂದರೆ ಅದು ಯಾರಿಗೂ ಏನನ್ನೂ ಹೇಳುವುದಿಲ್ಲ. ಅದನ್ನೇ ಹೀಗೆ ಬರೆದು ನೋಡಿ: ‘ಗಣಿ ಕೆಲಸ ಆರಂಭಿಸುವ ಮೊದಲು ಪ್ರತಿ ಗುತ್ತಿಗೆದಾರನೂ ತನ್ನ ಖರ್ಚಿನಲ್ಲಿ ಆ ಪ್ರದೇಶದ ಜೀವಿಗಳ ಮೂರು ವರ್ಷದ ಸಮೀಕ್ಷೆಯನ್ನು ನಡೆಸಿ, ಸ್ವತಂತ್ರ ವಿಜ್ಞಾನಿಗಳ ಪರಿಶೀಲನೆಗೆ ಒಪ್ಪಿಸುವಂತೆ ನಿಯಮ ಮಾಡಬೇಕೆಂದು ಪ್ರಾಧಿಕಾರವನ್ನು ಕೋರುತ್ತದೆ.’ ಯಾರು, ಏನನ್ನು, ಎಷ್ಟು ಕಾಲದಲ್ಲಿ, ಯಾರ ಹಣದಿಂದ ಎಂಬುದು ಇದರಲ್ಲಿದೆ. ಮೂರು ವರ್ಷ ಹೆಚ್ಚಾಯಿತು ಎಂದು ಯಾರಾದರೂ ಎದ್ದು ನಿಲ್ಲುತ್ತಾರೆ, ಸಂಧಾನ ಅಲ್ಲಿಂದ ಶುರುವಾಗುತ್ತದೆ. ಸಾಮಾನ್ಯ ಸಭೆ ಕೋರಬಹುದು, ಒತ್ತಾಯಿಸಬಹುದು, ಶಿಫಾರಸು ಮಾಡಬಹುದು; ಸದಸ್ಯ ದೇಶಗಳನ್ನು ಕಟ್ಟಿಹಾಕುವ ತೀರ್ಮಾನ ಭದ್ರತಾ ಮಂಡಳಿಗೆ ಸೇರಿದ್ದು. ಸಾಮಾನ್ಯ ಸಭೆಯ ಕರಡಿನಲ್ಲಿ ಸೈನ್ಯ ಕಳಿಸುವ, ನಿರ್ಬಂಧ ಹೇರುವ ಆಜ್ಞೆಗಳನ್ನು ಬರೆಯುವ ತಪ್ಪು ಪ್ರತಿ ಸಮ್ಮೇಳನದಲ್ಲೂ ಕಾಣುತ್ತದೆ.

ಪ್ರಶ್ನೆ: ಮಗ ಸಮ್ಮೇಳನಕ್ಕೆ ಹೋಗುತ್ತೇನೆಂದು ಹಟ ಹಿಡಿದಿದ್ದಾನೆ. ಶುಲ್ಕ, ಪ್ರಯಾಣ, ಕೋಟು ಎಂದು ಖರ್ಚು ಬೆಳೆಯುತ್ತಿದೆ. ಇದು ಅಷ್ಟು ಅಗತ್ಯವೇ?
— ತಂದೆ, ಕುಮಟಾ

ಉತ್ತರ: ಕೋಟು ಅಗತ್ಯವಿಲ್ಲ, ಇಸ್ತ್ರಿ ಮಾಡಿದ ಅಂಗಿ, ಪ್ಯಾಂಟು ಸಾಕು. ಹಣ ಕಟ್ಟುವ ಮೊದಲು ಯಾರು ನಡೆಸುತ್ತಿದ್ದಾರೆ, ವಸತಿಯ ಹೊಣೆ ಯಾರದು, ಬ್ಯಾಕ್‌ಗ್ರೌಂಡ್ ಗೈಡ್ ಎಂಬ ವಿಷಯ ಕೈಪಿಡಿಯನ್ನು ಮುಂಚಿತವಾಗಿ ಕೊಡುತ್ತಾರೆಯೇ ಎಂದು ವಿಚಾರಿಸಿ. ಕೈಪಿಡಿ ಕೊಡದ ಸಮ್ಮೇಳನಕ್ಕೆ ಕಳಿಸಬೇಡಿ. ಖರ್ಚು ಭಾರವಾದರೆ ಮೊದಲು ಕಾಲೇಜಿನ ಯುವ ಸಂಸತ್ತು ಸ್ಪರ್ಧೆಯಲ್ಲಿ ಪಾಲ್ಗೊಳ್ಳಲಿ. ಅಲ್ಲಿ ಕಲಿತದ್ದು ಇಲ್ಲಿಯೂ ಕೆಲಸಕ್ಕೆ ಬರುತ್ತದೆ.

ಪ್ರಶ್ನೆ: ನಮ್ಮದು ಸಣ್ಣ ಪ್ರೌಢಶಾಲೆ. ಮಕ್ಕಳನ್ನು ದೂರ ಕಳಿಸುವ ಶಕ್ತಿ ಇಲ್ಲ. ಇಂತಹ ಅಧಿವೇಶನವನ್ನು ಶಾಲೆಯಲ್ಲೇ, ಕನ್ನಡದಲ್ಲೇ ನಡೆಸಬಹುದೇ?
— ಶಿಕ್ಷಕಿ, ಅಂಕೋಲಾ ತಾಲೂಕು

ಉತ್ತರ: ನಡೆಸಬಹುದು, ನಡೆಸಬೇಕು ಎಂದು ನಮ್ಮ ಒತ್ತಾಯ. ಮೊದಲ ಸಲಕ್ಕೆ ದೂರದ ದೇಶಗಳು ಬೇಡ. ಮಕ್ಕಳು ದಿನಾ ಕೇಳುವ ವಿವಾದವನ್ನೇ ಎತ್ತಿಕೊಳ್ಳಿ. ನಿಮ್ಮ ಕರಾವಳಿಗೆ ಬೆಳಕಿನ ಮೀನುಗಾರಿಕೆಗಿಂತ ಒಳ್ಳೆಯ ವಿಷಯ ಸಿಗುವುದು ಕಷ್ಟ. ತೀವ್ರ ಎಲ್‌ಇಡಿ ಬೆಳಕಿನಿಂದ ಮೀನು ಸೆಳೆದು ಹಿಡಿಯುವುದನ್ನು ಕೇಂದ್ರ ಸರ್ಕಾರ 2017ರಲ್ಲಿ ಆರ್ಥಿಕ ವಲಯದಲ್ಲಿ ನಿಷೇಧಿಸಿತು. 12 ನಾಟಿಕಲ್ ಮೈಲಿಯ ಒಳಗಿನ ಮೀನುಗಾರಿಕೆ 1986ರ ಕರ್ನಾಟಕ ಕಡಲ ಮೀನುಗಾರಿಕೆ ನಿಯಂತ್ರಣ ಕಾಯಿದೆಗೆ ಒಳಪಟ್ಟಿದೆ. ಒಂದು ವಿಷಯದಲ್ಲೇ ಎರಡು ಸರ್ಕಾರಗಳ ಅಧಿಕಾರ, ಗಡಿ, ಜೀವನೋಪಾಯ, ಪರಿಸರ ಎಲ್ಲವೂ ಬರುತ್ತವೆ.

ನಾಡದೋಣಿಯವರು, ಟ್ರಾಲರ್ ಮಾಲೀಕರು, ದೊಡ್ಡ ಬಲೆಯಿಂದ ಮೀನಿನ ಹಿಂಡನ್ನು ಸುತ್ತುವರಿದು ಹಿಡಿಯುವ ಪರ್ಸಿನ್ ಬೋಟಿನವರು, ಬೋಟಿನ ಮೇಲೆ ದುಡಿಯಲು ಬಂದ ಹೊರರಾಜ್ಯದ ಕಾರ್ಮಿಕರು, ಮೀನು ಮಾರುವ ಹೆಂಗಸರು, ಐಸ್ ಕಾರ್ಖಾನೆಯವರು, ಮೀನುಗಾರಿಕೆ ಇಲಾಖೆ, ಕರಾವಳಿ ಕಾವಲು ಪಡೆ, ನೆರೆಯ ಗೋವಾ ರಾಜ್ಯ, ಸಾಗರ ವಿಜ್ಞಾನಿಗಳು ಎಂದು ಹತ್ತು ಪಕ್ಷಗಳನ್ನು ಮಾಡಿ, ಮೂವರು ಮಕ್ಕಳಿಗೆ ಒಂದು ಪಕ್ಷದಂತೆ ಚೀಟಿ ಎತ್ತಿಸಿ. ಚೀಟಿಯೇ ಮುಖ್ಯ, ಏಕೆಂದರೆ ನಾಡದೋಣಿಯ ಮನೆಯ ಹುಡುಗ ಪರ್ಸಿನ್ ಬೋಟಿನವರ ಲೆಕ್ಕಾಚಾರವನ್ನು ಕಲಿಯಬೇಕು: ಡೀಸೆಲ್ಲಿಗೆ ಎಷ್ಟು, ಬಲೆಗೆ ಎಷ್ಟು ಸಾಲ, ಬರಿಗೈಯಲ್ಲಿ ಬಂದ ದಿನ ಎಷ್ಟು ನಷ್ಟ. ಒಂದು ವಾರ ಕೊಟ್ಟು, ಆಯಾ ಪಕ್ಷದ ಕನಿಷ್ಠ ಒಬ್ಬರೊಂದಿಗೆ ಬೇಲೆಕೇರಿಯಲ್ಲೋ ಕಾರವಾರದ ಬೈತಖೋಲ ಬಂದರಿನಲ್ಲೋ ಮಾತನಾಡಿ ಒಂದು ಪುಟ ಬರೆದು ತರಲಿ ಎಂದು ಹೇಳಿ. ಸಮ್ಮೇಳನಗಳಲ್ಲಿ ಪೊಸಿಷನ್ ಪೇಪರ್ ಎನ್ನುವುದು ಇದನ್ನೇ.

ದಿನದ ಕಲಾಪಕ್ಕೆ ಕಠಿಣ ನಿಯಮಾವಳಿ ಬೇಡ. ಬೆಳಿಗ್ಗೆ ಪ್ರತಿ ಪಕ್ಷಕ್ಕೂ ಎರಡು ನಿಮಿಷ, ಆಮೇಲೆ ಪ್ರಶ್ನೆಗಳು, ಮಧ್ಯಾಹ್ನದ ಊಟದವರೆಗೆ ಮುಕ್ತ ಸಂಧಾನ, ನಂತರ ಕರಡು ಮತ್ತು ತಿದ್ದುಪಡಿ, ಕೊನೆಗೆ ಮೂರನೆಯ ಎರಡರಷ್ಟು ಬಹುಮತದ ಮತದಾನ. ಸರಳ ಬಹುಮತ ಇಟ್ಟರೆ ದೊಡ್ಡ ಗುಂಪು ಮಾತುಕತೆಗೆ ಬರುವುದೇ ಇಲ್ಲ. ಬಹುಮಾನ ಕೊಡುವುದಾದರೆ ಚೆನ್ನಾಗಿ ಮಾತನಾಡಿದವರಿಗಿಂತ, ಎರಡು ವಿರೋಧಿ ಪಕ್ಷಗಳು ಒಪ್ಪಿದ ಸಾಲನ್ನು ಬರೆದವರಿಗೆ ಕೊಡಿ.

ದಿನವನ್ನು ಜೂನ್ ಕೊನೆಗೋ ಜುಲೈಗೋ ಇಟ್ಟುಕೊಳ್ಳಿ. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಮೀನುಗಾರಿಕೆಗೆ 61 ದಿನಗಳ ನಿಷೇಧವಿರುವುದರಿಂದ ಬೋಟುಗಳು ದಡದಲ್ಲಿರುತ್ತವೆ, ಅವುಗಳ ಮೇಲೆ ದುಡಿಯುವ ತಂದೆಯರೂ ಅಣ್ಣಂದಿರೂ ಬಲೆ ಸರಿಪಡಿಸುತ್ತ ಊರಿನಲ್ಲೇ ಇರುತ್ತಾರೆ. ಅವರನ್ನು ಹಿಂದಿನ ಬೆಂಚುಗಳಲ್ಲಿ ಕೂರಿಸಿ, ಕರಡು ಮತಕ್ಕೆ ಹೋಗುವ ಮೊದಲು ಹದಿನೈದು ನಿಮಿಷ ಅವರ ಆಕ್ಷೇಪಗಳನ್ನು ಕೇಳುವ ಅವಕಾಶ ಮಕ್ಕಳಿಗೆ ಕೊಡಿ.